ತತ್ತ್ವಮಸಿ: ಮೂರು ಭಾಷ್ಯಗಳನ್ನು ಎದುರಿಗಿಟ್ಟುಕೊಂಡು ಓದುವ ಕ್ರಮ

ಶೃಂಗೇರಿ, ಮೇಲುಕೋಟೆ, ಉಡುಪಿ. ಈ ಮೂರು ಊರುಗಳಲ್ಲಿ ವೇದಾಂತಪಾಠಕ್ಕೆ ಕೂತವರು ಛಾಂದೋಗ್ಯೋಪನಿಷತ್ತಿನ ‘ತತ್ತ್ವಮಸಿ’ (ತತ್ ಅದು, ತ್ವಮ್ ನೀನು, ಅಸಿ ಇರುವೆ) ಎಂಬ ಒಂದೇ ವಾಕ್ಯಕ್ಕೆ ಮೂರು ಅರ್ಥ ಕೇಳಿಸಿಕೊಂಡು ಏಳುತ್ತಾರೆ. ಹೊರಗೆ ನಿಂತು ನೋಡುವವರ ಬಾಯಲ್ಲಿ ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ: ‘ಎಲ್ಲರೂ ಹೇಳಿದ್ದು ಒಂದೇ’ ಅಥವಾ ‘ಅವರವರ ಮತಕ್ಕೆ ಬೇಕಾದಂತೆ ಎಳೆದುಕೊಂಡಿದ್ದಾರೆ’. ಎರಡೂ ಭಾಷ್ಯ ಬಿಚ್ಚದೆ ಹೇಳುವ ಮಾತುಗಳು. ಅದ್ವೈತದ ಶಂಕರರು, ವಿಶಿಷ್ಟಾದ್ವೈತದ ರಾಮಾನುಜರು, ದ್ವೈತದ ಮಧ್ವರು ಮೂವರೂ ವೇದ ಅಪೌರುಷೇಯ (ಯಾರೂ ರಚಿಸಿದ್ದಲ್ಲ), ಸ್ವತಃಪ್ರಮಾಣ (ಬೇರೆ ಆಧಾರ ಬೇಡದ್ದು) ಎಂದು ಒಪ್ಪಿದವರು. ಮೂವರ ಕೈಯಲ್ಲೂ ಇರುವುದು ಅದೇ ವ್ಯಾಕರಣ, ವೇದವಾಕ್ಯಕ್ಕೆ ಅರ್ಥ ಹೇಳುವ ಶಾಸ್ತ್ರವಾದ ಅದೇ ಮೀಮಾಂಸೆಯ ನ್ಯಾಯಗಳು, ಅಂದರೆ ನಿಯಮಗಳು. ಇಷ್ಟೆಲ್ಲ ಸಮಾನವಾಗಿದ್ದೂ ಅರ್ಥ ಬೇರೆಯಾಗುತ್ತದೆ ಎಂದರೆ ದಾರಿ ಎಲ್ಲೋ ಒಂದು ಕಡೆ ಕವಲೊಡೆದಿರಬೇಕು. ಆ ಜಾಗಕ್ಕೆ ಬೆರಳಿಟ್ಟು ತೋರಿಸಲು ಬರುತ್ತದೆ. ಅದನ್ನು ಹುಡುಕುವ ಕ್ರಮ ಹೀಗೆ.

ಮೊದಲು ಜೋಡಿಸಿಕೊಳ್ಳಬೇಕಾದ್ದು

ಮೂಲಕ್ಕೆ ಛಾಂದೋಗ್ಯದ 6ನೇ ಅಧ್ಯಾಯ ಪೂರ್ತಿ ಬೇಕು, 16 ಖಂಡಗಳು. ವಾಕ್ಯ ಇರುವ 6.8.7 ಒಂದನ್ನೇ ಹರಿದು ತಂದರೆ ಕೆಲಸ ಅಲ್ಲೇ ಕೆಡುತ್ತದೆ. ಅದ್ವೈತಕ್ಕೆ ಶಂಕರರ ಛಾಂದೋಗ್ಯಭಾಷ್ಯ. ದ್ವೈತಕ್ಕೆ ಮಧ್ವರ ಛಾಂದೋಗ್ಯಭಾಷ್ಯ. ಜತೆಗೆ ಅವರ ವಿಷ್ಣುತತ್ತ್ವವಿನಿರ್ಣಯ ಇರಲೇಬೇಕು, ಏಕೆಂದರೆ ಈ ವಾಕ್ಯದ ಮೇಲಿನ ವಾದ ಅಲ್ಲಿ ಬಿಡಿಸಿಟ್ಟಂತೆ ಸಿಗುತ್ತದೆ. ರಾಮಾನುಜರ ವಿಷಯದಲ್ಲಿ ಹೊಸಬರು ಎಡವುತ್ತಾರೆ. ಅವರು ಉಪನಿಷತ್ತುಗಳಿಗೆ ಬಿಡಿಬಿಡಿಯಾಗಿ ಭಾಷ್ಯ ಬರೆದಿಲ್ಲ. ಅವರ ವಿವರಣೆ ವೇದಾರ್ಥಸಂಗ್ರಹದಲ್ಲಿದೆ, ಬ್ರಹ್ಮಸೂತ್ರಕ್ಕೆ ಅವರು ಬರೆದ ಶ್ರೀಭಾಷ್ಯದ ಮೊದಲ ಅಧಿಕರಣದಲ್ಲಿ (ವಿಷಯವಿಭಾಗದಲ್ಲಿ) ಇದೆ. ಆ ಸಂಪ್ರದಾಯದ ಉಪನಿಷದ್ಭಾಷ್ಯ ಎಂದು ಸಿಗುವುದು ನಂತರ ಬಂದ ರಂಗರಾಮಾನುಜರದ್ದು. ಅದನ್ನು ರಾಮಾನುಜರ ಮಾತೆಂದು ಉದ್ಧರಿಸಬೇಡಿ.

ಸಂಸ್ಕೃತ ಎಷ್ಟು ಬೇಕು? ಏಳು ವಿಭಕ್ತಿ, ಸ್ವರಸಂಧಿ, ಸಮಾಸದ ಹೆಸರುಗಳು ಗುರುತು ಸಿಕ್ಕರೆ ಕನ್ನಡ ಅನುವಾದದ ಆಸರೆಯಲ್ಲಿ ನಡೆಯಬಹುದು. ಅನುವಾದ ಒಂದನ್ನೇ ನಂಬಿದರೆ ಆಗದು. ‘ಅದೇ ನೀನಾಗಿರುವೆ’ ಎಂದು ಬರೆದ ಕೂಡಲೇ ಮೂರರಲ್ಲಿ ಎರಡು ದಾರಿ ಮುಚ್ಚಿಹೋಗಿರುತ್ತವೆ.

ಕಾಗುಣಿತವನ್ನೂ ನೋಡಿಕೊಳ್ಳಿ. ವಾಕ್ಯದಲ್ಲಿರುವುದು ತತ್ + ತ್ವಮ್ + ಅಸಿ, ಆದ್ದರಿಂದ ‘ತತ್ತ್ವಮಸಿ’. ‘ತತ್ವಮಸಿ’ ಎಂದು ಬರೆದರೆ ಒಂದು ತಕಾರ ಕಳೆದುಹೋಗಿ ಪದಚ್ಛೇದವೇ ಸಾಧ್ಯವಾಗುವುದಿಲ್ಲ.

ಅಧ್ಯಾಯವನ್ನು ಭಾಷ್ಯವಿಲ್ಲದೆ ಒಮ್ಮೆ ಓದಿ

ದಿನಕ್ಕೊಂದು ಖಂಡ, ಹದಿನಾರು ದಿನ. ಓದುತ್ತ ಬಲಗಡೆಯ ಅಂಚಿನಲ್ಲಿ ಮೂರು ಸಂಗತಿ ಮಾತ್ರ ಗುರುತಿಸಿ: ಯಾರು ಯಾರಿಗೆ ಹೇಳುತ್ತಿದ್ದಾರೆ, ಪ್ರಶ್ನೆ ಏನು, ದೃಷ್ಟಾಂತ ಯಾವುದು.

ಆರಂಭದಲ್ಲಿ ಉದ್ದಾಲಕ ಆರುಣಿಯ ಮಗ ಶ್ವೇತಕೇತು 12ನೇ ವಯಸ್ಸಿಗೆ ಗುರುಕುಲಕ್ಕೆ ಹೋಗಿ 24ಕ್ಕೆ ಎಲ್ಲ ವೇದ ಓದಿ ಹಿಂದಿರುಗುತ್ತಾನೆ. ‘ಸ್ತಬ್ಧ’ನಾಗಿ, ಅಂದರೆ ಬೀಗುತ್ತ ಬರುತ್ತಾನೆ. ಈ ಪದದ ಕೆಳಗೆ ಗೆರೆ ಎಳೆದಿಡಿ, ಮುಂದೆ ಬೇಕಾಗುತ್ತದೆ. ತಂದೆ ಕೇಳುವುದು: ಯಾವುದನ್ನು ತಿಳಿದರೆ ಕೇಳದ್ದು ಕೇಳಿದಂತಾಗುತ್ತದೋ, ತಿಳಿಯದ್ದು ತಿಳಿದಂತಾಗುತ್ತದೋ ಆ ಉಪದೇಶವನ್ನು ಕೇಳಿದೆಯಾ? ಬಳಿಕ ಮಣ್ಣಿನ ಮುದ್ದೆ, ಚಿನ್ನದ ಗಟ್ಟಿ, ಉಗುರು ಕತ್ತರಿಸುವ ಕಬ್ಬಿಣದ ಸಾಧನ ಎಂಬ ಮೂರು ಉದಾಹರಣೆ. ಎರಡನೆಯ ಖಂಡದಲ್ಲಿ ‘ಸದೇವ ಸೋಮ್ಯೇದಮಗ್ರ ಆಸೀದೇಕಮೇವಾದ್ವಿತೀಯಮ್’: ಮೊದಲು ಇದೆಲ್ಲ ಸತ್ (ಇರುವಿಕೆ) ಆಗಿಯೇ ಇತ್ತು, ಒಂದೇ, ಎರಡನೆಯದಿಲ್ಲದ್ದು. ಎಂಟನೆಯ ಖಂಡದಿಂದ ಹದಿನಾರರವರೆಗೆ ಪ್ರತಿ ಖಂಡದ ಕೊನೆಯಲ್ಲೂ ನಮ್ಮ ವಾಕ್ಯ. ಒಟ್ಟು ಒಂಬತ್ತು ಸಲ.

ವಾಕ್ಯವನ್ನು ಜಾಗ ಬಿಡದೆ ಬರೆದುಕೊಳ್ಳಿ

ಅಚ್ಚಿನ ಪುಸ್ತಕದಲ್ಲಿ ‘ಸ ಆತ್ಮಾ (ಅವನೇ ಆತ್ಮ) ತತ್ತ್ವಮಸಿ ಶ್ವೇತಕೇತೋ’ ಎಂದು ಬಿಡಿಸಿ ಹಾಕಿರುತ್ತಾರೆ. ಆ ಖಾಲಿ ಜಾಗವೇ ಒಂದು ವ್ಯಾಖ್ಯಾನ. ಹಾಳೆಯ ಮೇಲೆ ‘ಸಆತ್ಮಾತತ್ತ್ವಮಸಿ’ ಎಂದು ಕೂಡಿಸಿ ಬರೆಯಿರಿ. ಈಗ ಎರಡು ಬಗೆಯಲ್ಲಿ ಬಿಡಿಸಲು ಬರುತ್ತದೆ:

ಸ ಆತ್ಮಾ + ತತ್ + ತ್ವಮ್ + ಅಸಿ
ಸ ಆತ್ಮಾ + ಅತತ್ + ತ್ವಮ್ + ಅಸಿ

ಎರಡನೆಯದು ಮಧ್ವರ ಛೇದ: ‘ನೀನು ಅದಲ್ಲ’. ಆ + ಅ ಸೇರಿ ಆ ಆಗುವುದು ಸವರ್ಣದೀರ್ಘಸಂಧಿ. ವಿದ್ಯಾ + ಅಭ್ಯಾಸ ‘ವಿದ್ಯಾಭ್ಯಾಸ’ ಆಗುತ್ತದೆ ಎಂದು ಶಾಲೆಯಲ್ಲಿ ಕಲಿತದ್ದೂ ಇದೇ. ‘ಅಕ್ಷರ ಸೇರಿಸಿ ಮೂಲ ತಿದ್ದಿದರು’ ಎಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ಕಿವಿಗೆ ಬೀಳುವ ಶಬ್ದ ಎರಡರಲ್ಲೂ ಒಂದೇ. ಹಾಗೆಂದು ‘ವ್ಯಾಕರಣ ಒಪ್ಪಿತು, ಆದ್ದರಿಂದ ಇದೇ ಅರ್ಥ’ ಎನ್ನಲೂ ಆಗದು. ವ್ಯಾಕರಣ ಎರಡು ಬಾಗಿಲನ್ನೂ ತೆರೆದಿಡುತ್ತದೆ, ಯಾವುದರಲ್ಲಿ ಹೋಗಬೇಕೆಂದು ಪ್ರಕರಣ, ಅಂದರೆ ಹಿಂದುಮುಂದಿನ ಸಂದರ್ಭ, ಹೇಳಬೇಕು. ಮಧ್ವರ ಪಕ್ಷ ಈ ಒಂದು ಛೇದದ ಮೇಲೆಯೇ ನಿಂತಿಲ್ಲ ಎಂಬುದನ್ನೂ ಬರೆದುಕೊಳ್ಳಿ. ‘ತತ್’ ಎಂದೇ ಇಟ್ಟುಕೊಂಡರೂ ‘ಅವನಂತೆ ಇರುವವನು’, ‘ಅವನ ಅಧೀನನು’ ಎಂದು ಸಾದೃಶ್ಯದಿಂದ, ಪಾರತಂತ್ರ್ಯದಿಂದ ಅರ್ಥ ಕೂಡುತ್ತದೆ ಎಂಬುದು ಆ ಸಂಪ್ರದಾಯದ ನಿಲುವು. ‘ಅತತ್’ ಒಂದನ್ನು ಕೆಡವಿದರೆ ದ್ವೈತ ಬಿತ್ತು ಎಂದುಕೊಳ್ಳುವವರು ಇದನ್ನು ಓದಿರುವುದಿಲ್ಲ.

‘ತತ್’ ನಪುಂಸಕ, ‘ತ್ವಮ್’ ಶ್ವೇತಕೇತುವನ್ನು ಕರೆಯುವ ಪದ ಎಂಬ ಲಿಂಗದ ಪ್ರಶ್ನೆಯನ್ನೇ ಹಿಡಿದು ಸಂಸ್ಕೃತ ವಿದ್ವಾಂಸ ಜೋಯಲ್ ಬ್ರೆರೆಟನ್ 1986ರಲ್ಲಿ ‘ನೀನು ಇರುವುದು ಆ ರೀತಿಯಲ್ಲಿ’ ಎಂಬ ಅರ್ಥವನ್ನು ಮುಂದಿಟ್ಟರು. ಅದು ಭಾಷಾಶಾಸ್ತ್ರದ ದಾರಿ. ಮೊದಲ ಓದಿಗೆ ಅದನ್ನು ಬದಿಗಿಡುವುದು ಒಳ್ಳೆಯದು, ಇಲ್ಲದಿದ್ದರೆ ನಾಲ್ಕು ಎಳೆ ಒಟ್ಟಿಗೆ ಸಿಕ್ಕಾಗುತ್ತವೆ.

ಭಾಷ್ಯದಲ್ಲಿ ಯಾರು ಮಾತಾಡುತ್ತಿದ್ದಾರೆ ಎಂದು ಗುರುತಿಸಿ

ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿ. ಭಾಷ್ಯಕಾರರು ಎದುರಾಳಿಯ ವಾದವನ್ನು ಅವನ ಬಾಯಿಂದಲೇ, ಬಲವಾಗಿಯೇ ಹೇಳಿಸುತ್ತಾರೆ. ‘ನನು’, ‘ಸ್ಯಾದೇತತ್’, ‘ಇತಿ ಚೇತ್’ ಕಂಡರೆ ಅದು ಪೂರ್ವಪಕ್ಷ. ‘ನ’, ‘ಉಚ್ಯತೇ’, ‘ಅತ್ರ ಬ್ರೂಮಃ’ ಎಂಬಲ್ಲಿಂದ ಸಿದ್ಧಾಂತ. ಸೀಸದ ಕಡ್ಡಿಯಲ್ಲಿ ಪೂರ್ವಪಕ್ಷಕ್ಕೆ ‘ಪೂ’, ಸಿದ್ಧಾಂತಕ್ಕೆ ‘ಸಿ’ ಎಂದು ಅಂಚಿನಲ್ಲಿ ಹಾಕುತ್ತ ಹೋಗಿ. ಶ್ರೀಭಾಷ್ಯದ ಮೊದಲ ಅಧಿಕರಣದಲ್ಲಿ ಅದ್ವೈತದ ಪೂರ್ವಪಕ್ಷ ಬಹಳ ದೂರ ಸಾಗುತ್ತದೆ, ಅದರ ಮಧ್ಯದಿಂದ ಒಂದು ಸಾಲು ಎತ್ತಿ ‘ರಾಮಾನುಜರೂ ಜಗತ್ತು ಮಿಥ್ಯೆ ಎಂದಿದ್ದಾರೆ’ ಎಂದು ತೋರಿಸುವುದು ಕಷ್ಟವಲ್ಲ. ಗುರುತು ಹಾಕಿಕೊಂಡವರು ಆ ಗುಂಡಿಗೆ ಬೀಳುವುದಿಲ್ಲ.

ಒಂದು ಮತದ ಸಿದ್ಧಾಂತವನ್ನು ಇನ್ನೊಂದು ಮತದ ಖಂಡನಗ್ರಂಥದಿಂದ ತಿಳಿಯಬೇಡಿ. ಖಂಡನಕ್ಕೆ ಬೇಕಾದಷ್ಟೇ ಭಾಗ ಅಲ್ಲಿ ಇರುತ್ತದೆ.

ಪದಗಳಿಗೆ ಅರ್ಥ ಹೊಂದಿಸುವಾಗ

‘ತತ್’, ‘ತ್ವಮ್’ ಎರಡೂ ಪ್ರಥಮಾ ವಿಭಕ್ತಿ. ಇಂಥ ಜೋಡಿಗೆ ಸಾಮಾನಾಧಿಕರಣ್ಯ ಎಂದು ಹೆಸರು. ಶಂಕರರೂ ರಾಮಾನುಜರೂ ಇದನ್ನು ಒಪ್ಪಿ, ಇಲ್ಲಿಂದಲೇ ಬೇರೆಯಾಗುತ್ತಾರೆ.

ಅದ್ವೈತದ ನಡೆ ಹೀಗೆ. ‘ತತ್’ ಎಂದರೆ ಜಗತ್ತಿಗೆ ಕಾರಣವಾದ ಸರ್ವಜ್ಞ. ‘ತ್ವಮ್’ ಎಂದರೆ ಅಲ್ಪಜ್ಞನಾದ ಜೀವ. ನೇರ ಅರ್ಥದಲ್ಲಿ ಇಬ್ಬರೂ ಒಂದಾಗಲಾರರು. ಆದ್ದರಿಂದ ಲಕ್ಷಣೆ, ಅಂದರೆ ನೇರ ಅರ್ಥ ಬಿಟ್ಟು ಸೂಚಿತ ಅರ್ಥ ಹಿಡಿಯುವುದು, ಬೇಕು. ಮೂರು ಲಕ್ಷಣೆಗಳನ್ನು ಉದಾಹರಣೆಯೊಂದಿಗೇ ಬರೆದುಕೊಳ್ಳಿ. ‘ಗಂಗೆಯಲ್ಲಿ ಗೊಲ್ಲರ ಹಟ್ಟಿ’ ಎಂದಾಗ ಪ್ರವಾಹ ಎಂಬ ಅರ್ಥ ಪೂರ್ತಿ ಬಿಟ್ಟು ದಡ ಎಂದು ಹಿಡಿಯುವುದು ಜಹಲ್ಲಕ್ಷಣೆ. ‘ಕೆಂಪು ಓಡುತ್ತಿದೆ’ ಎಂದಾಗ ಕೆಂಪನ್ನು ಬಿಡದೆ ಕುದುರೆಯನ್ನು ಸೇರಿಸಿಕೊಳ್ಳುವುದು ಅಜಹಲ್ಲಕ್ಷಣೆ. ‘ಅವನೇ ಈ ದೇವದತ್ತ’ ಎಂದಾಗ ಅಂದಿನ ಕಾಲ–ಸ್ಥಳ, ಇಂದಿನ ಕಾಲ–ಸ್ಥಳ ಎರಡನ್ನೂ ಬಿಟ್ಟು ವ್ಯಕ್ತಿಯನ್ನಷ್ಟೇ ಉಳಿಸಿಕೊಳ್ಳುವುದು ಜಹದಜಹಲ್ಲಕ್ಷಣೆ ಅಥವಾ ಭಾಗತ್ಯಾಗಲಕ್ಷಣೆ. ತತ್ತ್ವಮಸಿಗೆ ಮೂರನೆಯದು. ಸರ್ವಜ್ಞತ್ವ, ಅಲ್ಪಜ್ಞತ್ವ ಬಿಟ್ಟುಹೋಗಿ ಚೈತನ್ಯಮಾತ್ರ ಉಳಿಯುತ್ತದೆ.

ರಾಮಾನುಜರ ಆಕ್ಷೇಪ ಸರಿಯಾಗಿ ಆ ದೇವದತ್ತನ ಮೇಲೆಯೇ. ಒಬ್ಬನೇ ಮನುಷ್ಯ ಅಂದು ಅಲ್ಲಿದ್ದ, ಇಂದು ಇಲ್ಲಿದ್ದಾನೆ, ಇದರಲ್ಲಿ ವಿರೋಧವೆಲ್ಲಿ? ವಿರೋಧವಿಲ್ಲದಿದ್ದರೆ ಲಕ್ಷಣೆ ಯಾಕೆ? ಬೇರೆ ಬೇರೆ ಕಾರಣದಿಂದ ಪ್ರವೃತ್ತವಾದ ಪದಗಳು ಒಂದೇ ವಸ್ತುವನ್ನು ಹೇಳುವುದೇ ಸಾಮಾನಾಧಿಕರಣ್ಯ. ‘ನೀಲ ಉತ್ಪಲ’ (ನೀಲಿ ನೈದಿಲೆ) ಎಂಬಲ್ಲಿ ನೀಲಿಯನ್ನೂ ಉತ್ಪಲತ್ವವನ್ನೂ ಬಿಟ್ಟರೆ ಏನು ಉಳಿಯಿತು? ಆದ್ದರಿಂದ ಅವರು ಎರಡೂ ಪದಗಳ ಗುಣವನ್ನು ಉಳಿಸಿಕೊಳ್ಳುತ್ತಾರೆ: ‘ತತ್’ ಜಗತ್ಕಾರಣನಾದ ಬ್ರಹ್ಮ, ‘ತ್ವಮ್’ ಜೀವನನ್ನು ಶರೀರವಾಗಿ ಉಳ್ಳ ಅದೇ ಬ್ರಹ್ಮ. ಶರೀರವನ್ನು ಹೇಳುವ ಪದ ಶರೀರಿಯವರೆಗೆ ಹೋಗುತ್ತದೆ. ‘ನಾನು ಮನುಷ್ಯ’ ಎನ್ನುವಾಗ ಮನುಷ್ಯ ಎಂಬ ಪದ ಒಳಗಿನ ಆತ್ಮದವರೆಗೆ ಮುಟ್ಟುವ ಹಾಗೆ.

ಈ ಶರೀರ–ಶರೀರಿ ಭಾವ ಎಲ್ಲಿಂದ ಬಂತು ಎಂದು ಕೇಳಿ. ಬೃಹದಾರಣ್ಯಕದ ಅಂತರ್ಯಾಮಿ ಬ್ರಾಹ್ಮಣದಿಂದ. ಇಲ್ಲಿ ಪಾಠಭೇದ ನೋಡಲೇಬೇಕು. ಕಾಣ್ವ ಶಾಖೆಯಲ್ಲಿ ‘ಯೋ ವಿಜ್ಞಾನೇ ತಿಷ್ಠನ್’ (ವಿಜ್ಞಾನದಲ್ಲಿ ಇರುವವನು) ಎಂದಿದ್ದರೆ ಮಾಧ್ಯಂದಿನ ಶಾಖೆಯಲ್ಲಿ ‘ಯ ಆತ್ಮನಿ ತಿಷ್ಠನ್… ಯಸ್ಯಾತ್ಮಾ ಶರೀರಮ್’ (ಆತ್ಮನಲ್ಲಿ ಇರುವವನು… ಆತ್ಮನೇ ಯಾರಿಗೆ ಶರೀರವೋ ಅವನು) ಎಂದಿದೆ. ರಾಮಾನುಜರ ವಾದ ಎರಡನೆಯದರಿಂದ ನೇರವಾಗಿ ಹೊಮ್ಮುತ್ತದೆ. ಕೈಯಲ್ಲಿ ಕಾಣ್ವ ಪಾಠವೊಂದೇ ಇದ್ದರೆ ಆ ವಾಕ್ಯ ಹುಡುಕಿ ಸಿಗದೆ, ‘ಇಲ್ಲದ್ದನ್ನು ಉದ್ಧರಿಸಿದ್ದಾರೆ’ ಎಂದು ತಪ್ಪಾಗಿ ತೀರ್ಮಾನಿಸಿಬಿಡುತ್ತೀರಿ.

ಆರು ಲಿಂಗಗಳ ಪಟ್ಟಿ

ಒಂದು ಪ್ರಕರಣದ ತಾತ್ಪರ್ಯ ತೀರ್ಮಾನಿಸಲು ಆರು ಲಿಂಗಗಳು, ಅಂದರೆ ಗುರುತುಗಳು: ಉಪಕ್ರಮ–ಉಪಸಂಹಾರ (ಆರಂಭ–ಮುಕ್ತಾಯ) ಸೇರಿ ಒಂದು, ಅಭ್ಯಾಸ (ಮತ್ತೆ ಮತ್ತೆ ಹೇಳುವುದು), ಅಪೂರ್ವತೆ (ಹೊಸತನ), ಫಲ, ಅರ್ಥವಾದ (ಹೊಗಳಿಕೆ), ಉಪಪತ್ತಿ (ಯುಕ್ತಿ). ಅದ್ವೈತಿಗಳೂ ದ್ವೈತಿಗಳೂ ಇದೇ ಆರನ್ನು ಬಳಸುತ್ತಾರೆ. ಹಾಳೆಯನ್ನು ಅಡ್ಡ ಹಿಡಿದು ಆರು ಸಾಲು, ಮೂರು ಕಂಬ ಗೆರೆ ಹಾಕಿ. ಎಲ್ಲ ಕೋಣೆಯನ್ನೂ ತುಂಬಲೇಬೇಕೆಂಬ ಹಟ ಬೇಡ. ಜಗಳ ನಿಜವಾಗಿ ನಡೆಯುವುದು ಮೂರು ಸಾಲಿನಲ್ಲಿ.

ಉಪಕ್ರಮ: ಅದ್ವೈತಿಗೆ ಅದು ‘ಏಕಮೇವಾದ್ವಿತೀಯಮ್’, ಉಪಸಂಹಾರ ‘ಐತದಾತ್ಮ್ಯಮಿದಂ ಸರ್ವಮ್’ (ಇದೆಲ್ಲಕ್ಕೂ ಅದೇ ಆತ್ಮ). ಎರಡೂ ಏಕತ್ವವನ್ನೇ ಹೇಳುತ್ತವೆ. ಮಾಧ್ವರು ಇನ್ನೂ ಹಿಂದಕ್ಕೆ ಹೋಗುತ್ತಾರೆ. ಗೆರೆ ಎಳೆದಿಟ್ಟ ‘ಸ್ತಬ್ಧ’ ಇಲ್ಲಿ ಕೆಲಸಕ್ಕೆ ಬರುತ್ತದೆ: ಬೀಗಿ ಬಂದ ಮಗನಿಗೆ ‘ನೀನೇ ಬ್ರಹ್ಮ’ ಎಂದರೆ ಗರ್ವ ಇಳಿಯುತ್ತದೆಯೇ? ನೀನು ಸ್ವತಂತ್ರನಲ್ಲ ಎಂದರೆ ಇಳಿಯುತ್ತದೆ.

ಉಪಪತ್ತಿ: ಮಣ್ಣಿನ ಮುದ್ದೆಯ ಉದಾಹರಣೆ. ಶಂಕರರ ಓದಿನಲ್ಲಿ ಮಡಕೆ–ಕುಡಿಕೆ ಬರಿಯ ಹೆಸರು, ಮಣ್ಣೇ ಸತ್ಯ. ರಾಮಾನುಜರಲ್ಲಿ ಮಣ್ಣೇ ಇನ್ನೊಂದು ಅವಸ್ಥೆ ತಾಳಿ ಇನ್ನೊಂದು ಹೆಸರು ಪಡೆದಿದೆ, ಮಡಕೆಯೂ ಸತ್ಯ. ಮಧ್ವರು ಒಂದು ಚುರುಕಾದ ಪ್ರಶ್ನೆ ಎತ್ತುತ್ತಾರೆ: ಉಪಾದಾನಕಾರಣವನ್ನೇ (ವಸ್ತು ಯಾವುದರಿಂದ ಆಗಿದೆಯೋ ಅದನ್ನೇ) ಹೇಳಬೇಕಿದ್ದರೆ ‘ಮಣ್ಣನ್ನು ತಿಳಿದರೆ’ ಎಂದರೆ ಸಾಕಿತ್ತು, ‘ಒಂದು’, ‘ಮುದ್ದೆ’ ಎಂಬ ಪದಗಳು ಯಾಕೆ? ಒಂದೇ ಮುದ್ದೆಯಿಂದ ಲೋಕದ ಮಡಕೆಯೆಲ್ಲ ಆಗುವುದಿಲ್ಲ. ಒಂದು ಉಗುರುಕತ್ತರಿಯಿಂದ ಕಬ್ಬಿಣದ ಸಾಮಾನೆಲ್ಲ ಹುಟ್ಟುವುದಿಲ್ಲ. ಆದ್ದರಿಂದ ಇದು ಸಾದೃಶ್ಯದ ಉದಾಹರಣೆ: ಒಂದನ್ನು ತಿಳಿದರೆ ಅದರಂಥವು ತಿಳಿಯುತ್ತವೆ, ಪ್ರಧಾನನನ್ನು ತಿಳಿದರೆ ಉಳಿದದ್ದು ತಿಳಿದಂತೆ. ಈ ವಾದವನ್ನು ಒಪ್ಪದವರೂ ಇದಕ್ಕೆ ಉತ್ತರ ಹುಡುಕಿಯೇ ಮುಂದೆ ಹೋಗಬೇಕು.

ಅಪೂರ್ವತೆ: ಬೇರೆ ಪ್ರಮಾಣದಿಂದ ತಿಳಿಯದ್ದನ್ನು ಹೇಳುವುದು ಶ್ರುತಿಯ, ಅಂದರೆ ವೇದದ, ಕೆಲಸ. ಭೇದ ಎಲ್ಲರ ಅನುಭವಕ್ಕೂ ಬಂದದ್ದು, ಅದನ್ನು ಹೇಳುವ ಶ್ರುತಿ ತಿಳಿದದ್ದನ್ನೇ ಮತ್ತೆ ಹೇಳುತ್ತದೆ ಅಷ್ಟೆ, ಅಭೇದವೇ ಹೊಸದು ಎಂದು ಅದ್ವೈತ. ದ್ವೈತದ ಮರುಮಾತು: ಮಡಕೆಗೂ ಬಟ್ಟೆಗೂ ಇರುವ ಭೇದ ಕಣ್ಣಿಗೆ ಕಾಣುತ್ತದೆ ನಿಜ, ಈಶ್ವರನೇ ಕಣ್ಣಿಗೆ ಕಾಣದಿರುವಾಗ ಅವನಿಂದ ಜೀವನಿಗಿರುವ ಭೇದ ಕಂಡದ್ದು ಹೇಗೆ? ಅದೂ ಅಪೂರ್ವವೇ. ಕವಲು ಇಲ್ಲೊಂದು ಕಡೆ ಸ್ಪಷ್ಟವಾಗಿ ಒಡೆಯುತ್ತದೆ. ಕೆಂಪು ಶಾಯಿಯಲ್ಲಿ ಬರೆದಿಡಿ.

ಒಂಬತ್ತು ದೃಷ್ಟಾಂತಗಳು

ಪ್ರತಿಯೊಂದಕ್ಕೂ ‘ಏನು ಉಳಿಯಿತು, ಏನು ಹೋಯಿತು’ ಎಂದು ಕೇಳಿಕೊಳ್ಳಿ. ಜೇನುಹುಳ ಹಲವು ಮರಗಳ ರಸ ತಂದು ಒಂದಾಗಿಸಿದಾಗ ‘ನಾನು ಈ ಮರದ ರಸ’ ಎಂಬ ಅರಿವು ರಸಗಳಿಗಿಲ್ಲ. ವಿಭಾಗ ಅಳಿಯಿತು ಎಂದು ಅದ್ವೈತ. ಅರಿವಷ್ಟೇ ಹೋಯಿತು, ರಸಗಳು ಹೋಗಲಿಲ್ಲ ಎಂದು ದ್ವೈತ. ನದಿ–ಸಮುದ್ರಕ್ಕೂ ಇದೇ ಪ್ರಶ್ನೋತ್ತರ. ನೀರಲ್ಲಿ ಕರಗಿದ ಉಪ್ಪು: ಕಾಣದಿದ್ದರೂ ಮೇಲೆ, ನಡುವೆ, ತಳದಲ್ಲಿ ರುಚಿ ಸಿಗುತ್ತದೆ, ಸತ್ ಹಾಗೆ ಎಲ್ಲೆಡೆ ಇದೆ ಎಂಬುದರಲ್ಲಿ ಮೂವರಿಗೂ ತಕರಾರಿಲ್ಲ, ಆದರೆ ಉಪ್ಪು ನೀರಾಯಿತೇ? ದಾರಕ್ಕೆ ಕಟ್ಟಿದ ಹಕ್ಕಿ, ಕಣ್ಣು ಕಟ್ಟಿ ಗಂಧಾರದಿಂದ ಎಳೆದು ತಂದ ಮನುಷ್ಯ, ಇವೂ ಇಬ್ಬಾಯಿಯ ಉದಾಹರಣೆಗಳು.

ಕೊನೆಯದರಲ್ಲಿ ಹೆಚ್ಚು ಹೊತ್ತು ನಿಲ್ಲಿ. ಕಳ್ಳತನದ ಆರೋಪ ಹೊತ್ತವನು ಕಾದ ಕೊಡಲಿ ಹಿಡಿಯುತ್ತಾನೆ. ಸುಳ್ಳಾಡಿದವನ ಕೈ ಸುಡುತ್ತದೆ, ಸತ್ಯದಲ್ಲಿ ನಿಂತವನದು ಸುಡುವುದಿಲ್ಲ. ಆತ್ಮೈಕ್ಯವೆಂಬ ಸತ್ಯದಲ್ಲಿ ನಿಂತವನಿಗೆ ಮತ್ತೆ ಹುಟ್ಟಿಲ್ಲ ಎಂದು ಒಂದು ಓದು. ಇನ್ನೊಬ್ಬನ ಸೊತ್ತನ್ನು ತನ್ನದೆನ್ನುವವನು ಕಳ್ಳ, ಬ್ರಹ್ಮನ ಸ್ವಾತಂತ್ರ್ಯವನ್ನು ತನ್ನದೆನ್ನುವವನೂ ಹಾಗೆಯೇ ಎಂದು ಇನ್ನೊಂದು. ಅದೇ ಕೊಡಲಿ ಒಬ್ಬರಲ್ಲಿ ಅಭೇದದ ಸಾಕ್ಷಿ, ಇನ್ನೊಬ್ಬರಲ್ಲಿ ಭೇದದ ಸಾಕ್ಷಿ.

ಸತ್ಯ ಎಂದರೆ ಏನೆಂದು ಪ್ರತಿ ಮತದಲ್ಲೂ ಬೇರೆಯಾಗಿ ಬರೆದುಕೊಳ್ಳಿ

ಇಲ್ಲಿಯವರೆಗಿನ ಕವಲುಗಳ ಬೇರು ಇದು. ಅದ್ವೈತದಲ್ಲಿ ಮೂರು ಕಾಲದಲ್ಲೂ ಬಾಧೆಗೊಳ್ಳದ್ದು, ಅಂದರೆ ನಂತರದ ಅರಿವಿನಿಂದ ಅಳಿಯದ್ದು, ಮಾತ್ರ ಪರಮಾರ್ಥ ಸತ್ಯ. ಮಡಕೆ ವ್ಯಾವಹಾರಿಕ ಸತ್ಯ, ಹಗ್ಗದಲ್ಲಿ ಕಂಡ ಹಾವು ಪ್ರಾತಿಭಾಸಿಕ (ತೋರಿದಷ್ಟು ಹೊತ್ತಿನದು). ಮಿಥ್ಯೆ ಎಂಬುದನ್ನು ಕನ್ನಡದಲ್ಲಿ ‘ಸುಳ್ಳು’ ಎಂದು ಬರೆಯಬೇಡಿ. ಮೊಲದ ಕೊಂಬು ಸುಳ್ಳು. ಮಿಥ್ಯೆ ಎಂದರೆ ಸತ್ (ಇರುವುದು) ಎನ್ನಲೂ ಆಗದ, ಅಸತ್ (ಇಲ್ಲದ್ದು) ಎನ್ನಲೂ ಆಗದ್ದು. ರಾಮಾನುಜರಲ್ಲಿ ಚಿತ್ (ಚೇತನ ಜೀವ), ಅಚಿತ್ (ಜಡ) ಎರಡೂ ಸತ್ಯ, ಎರಡೂ ಈಶ್ವರನಿಗೆ ಶರೀರ. ಭೇದ ಹೇಳುವ, ಅಭೇದ ಹೇಳುವ ಶ್ರುತಿಗಳಿಗೆ ಸಮಾನ ಬಲ ಕೊಟ್ಟು, ಅಂತರ್ಯಾಮಿ ವಾಕ್ಯಗಳನ್ನು ಅವೆರಡನ್ನೂ ಬೆಸೆಯುವ ಘಟಕಶ್ರುತಿ ಎಂದು ಹಿಡಿಯುತ್ತಾರೆ. ಮಧ್ವರಲ್ಲಿ ತತ್ತ್ವ ಎರಡು ಬಗೆ, ಸ್ವತಂತ್ರ ಮತ್ತು ಅಸ್ವತಂತ್ರ. ‘ದ್ವೈತ ಎಂದರೆ ಸಮಾನವಾದ ಎರಡು ಸತ್ಯ’ ಎಂಬುದು ಹೆಸರಿನಿಂದ ಹುಟ್ಟಿದ ತಪ್ಪು. ಆ ಸಂಪ್ರದಾಯ ತನ್ನನ್ನು ತತ್ತ್ವವಾದ ಎಂದು ಕರೆದುಕೊಳ್ಳುತ್ತದೆ.

ಹಾಗಾದರೆ ಅನುಭವಕ್ಕೂ ಶ್ರುತಿಗೂ ಜಗಳ ಬಂದರೆ? ಶಂಕರರ ಬ್ರಹ್ಮಸೂತ್ರಭಾಷ್ಯದ ಮೇಲೆ ವಾಚಸ್ಪತಿಮಿಶ್ರರು ಬರೆದ ಭಾಮತಿ ಎಂಬ ಟೀಕೆ ಇಲ್ಲಿ ಮೀಮಾಂಸೆಯ ಅಪಚ್ಛೇದನ್ಯಾಯ (ಕೈಬಿಟ್ಟುಹೋಗುವುದರ ನಿಯಮ) ತರುತ್ತದೆ. ಸೋಮಯಾಗದಲ್ಲಿ ಋತ್ವಿಜರು ಒಬ್ಬರ ವಸ್ತ್ರ ಒಬ್ಬರು ಹಿಡಿದು ಸಾಲಾಗಿ ಹೋಗುವಾಗ ಉದ್ಗಾತೃ ಎಂಬ ಋತ್ವಿಜ ಕೈಬಿಟ್ಟರೆ ಒಂದು ಪ್ರಾಯಶ್ಚಿತ್ತ, ಪ್ರತಿಹರ್ತೃ ಎಂಬವನು ಕೈಬಿಟ್ಟರೆ ಇನ್ನೊಂದು. ಒಬ್ಬರಾದ ಮೇಲೆ ಒಬ್ಬರು ಬಿಟ್ಟರೆ ನಂತರದ್ದೇ ಗೆಲ್ಲುತ್ತದೆ. ಮೊದಲು ಬಂದ ಪ್ರತ್ಯಕ್ಷವನ್ನು ನಂತರ ಬಂದ ಶ್ರುತಿ ಹಾಗೆಯೇ ಬಾಧಿಸುತ್ತದೆ. ದ್ವೈತದ ಉತ್ತರ: ಆ ನ್ಯಾಯ ಒಂದನ್ನೊಂದು ಆಶ್ರಯಿಸದ ಎರಡರ ನಡುವೆ ಮಾತ್ರ. ಶ್ರುತಿ ಅರ್ಥಕೊಡಲು ಯಾವುದನ್ನು ಆಶ್ರಯಿಸಿದೆಯೋ ಆ ಉಪಜೀವ್ಯಪ್ರಮಾಣವನ್ನೇ ಅದು ಕಡಿಯಲಾಗದು. ‘ನಾನು ಅಲ್ಪ, ನಾನು ದುಃಖಿ’ ಎಂಬ ಸಾಕ್ಷಿಯ (ತನ್ನೊಳಗಿನ ನೇರ ಅರಿವಿನ) ಅನುಭವ ಅಂಥದ್ದು. ಈ ಎರಡು ನ್ಯಾಯಗಳಲ್ಲಿ ನೀವು ಯಾವುದನ್ನು ಒಪ್ಪುತ್ತೀರಿ ಎಂದು ಕೇಳಿಕೊಂಡು ಉತ್ತರ ಬರೆಯಿರಿ. ಸಂಧಿ, ಲಕ್ಷಣೆಯ ವಿಷಯದಲ್ಲಿ ಮೊದಲೇ ಮಾಡಿದ ಆಯ್ಕೆಗಳು ಬಹುಮಟ್ಟಿಗೆ ಈ ಉತ್ತರದಿಂದಲೇ ಹೊರಟಿದ್ದವು ಎಂಬುದು ಆಗ ಕಾಣುತ್ತದೆ.

ಕೂಡಿ ಓದುವವರಿಗೆ

ಮೂವರು ಸೇರಿದರೆ ಸಾಕು. ಯಾರೂ ತಮ್ಮ ಮನೆಯ ಸಂಪ್ರದಾಯದ ಭಾಷ್ಯ ಹಿಡಿಯಬಾರದು. ಸ್ಮಾರ್ತರ ಮನೆಯವರು ಮಧ್ವಭಾಷ್ಯ ಹೇಳಲಿ, ಮಾಧ್ವರು ರಾಮಾನುಜರದ್ದು, ಶ್ರೀವೈಷ್ಣವರು ಶಂಕರರದ್ದು. ಹೇಳಿ ಮುಗಿದ ಮೇಲೆ ಆಯಾ ಸಂಪ್ರದಾಯದವರು ‘ನಮ್ಮವರು ಹೇಳುವುದು ಇದೇ’ ಎಂದರೆ ಮಾತ್ರ ಟಿಪ್ಪಣಿಗೆ ಬರೆಯಿರಿ. ಇಲ್ಲವಾದರೆ ಮತ್ತೊಮ್ಮೆ ಮೂಲಕ್ಕೆ. ಒಬ್ಬ ಆಚಾರ್ಯರಿಗೆ ಇನ್ನೊಬ್ಬರು ಬೈದ ಶ್ಲೋಕಗಳನ್ನು ಈ ಕೂಟದಲ್ಲಿ ಎತ್ತದಿರುವುದು ಒಳ್ಳೆಯದು; ಅದರಿಂದ ಒಂದು ಪದದ ಅರ್ಥವೂ ತಿಳಿಯುವುದಿಲ್ಲ.

ತತ್ತ್ವಮಸಿ ಮುಗಿದ ಮೇಲೆ ಅದೇ ಹಾಳೆ, ಅದೇ ಗೆರೆಗಳೊಂದಿಗೆ ಮುಂಡಕದ ‘ದ್ವಾ ಸುಪರ್ಣಾ’ (3.1.1) ತೆಗೆದುಕೊಳ್ಳಿ. ಒಂದು ಮರ, ಎರಡು ಹಕ್ಕಿ. ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ನೋಡುತ್ತದೆ. ಇಲ್ಲಿ ಮಾಧ್ವರಿಗೆ ಪದ ಬಿಡಿಸುವ ಕಷ್ಟವಿಲ್ಲ, ಎರಡು ಎಂದು ವಾಕ್ಯವೇ ಹೇಳುತ್ತಿದೆ. ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಪೈಂಗಿರಹಸ್ಯ ಬ್ರಾಹ್ಮಣವನ್ನು ತಂದು, ತಿನ್ನುವುದು ಬುದ್ಧಿ, ನೋಡುವುದು ಕ್ಷೇತ್ರಜ್ಞ (ದೇಹವನ್ನು ಅರಿಯುವ ಆತ್ಮ) ಎಂಬ ಅರ್ಥವನ್ನು ತೋರಿಸುತ್ತಾರೆ. ತತ್ತ್ವಮಸಿಯಲ್ಲಿ ದ್ವೈತಿ ಹೊತ್ತ ಹೊರೆ ಇಲ್ಲಿ ಅದ್ವೈತಿಯ ಹೆಗಲಿಗೆ ಬಂದಿದೆ. ಆ ಹೊರೆಯನ್ನು ಅವರು ಹೇಗೆ ಹೊರುತ್ತಾರೆ ಎಂಬುದನ್ನು ಆರು ಸಾಲಿನ ಪಟ್ಟಿಯಲ್ಲಿ ತುಂಬುತ್ತ ಹೋಗಿ.